ಬೀರುವಿನೊಳಗಿನ ಪ್ರಬಂಧಗಳ ಬಗ್ಗೆ ಕುಲಪತಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ಎಲ್ಲ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ಮಾನ್ಯರೇ,

ಪದವಿ ಕಾಲೇಜುಗಳಲ್ಲಿ 31 ವರ್ಷ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು ನಾನು. ಕೊನೆಯ ದಿನ ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದೆ. ಮರುವಾರ ಯಾವುದೋ ಲೇಖನ ನೋಡಲೆಂದು ಕಂಪ್ಯೂಟರ್ ಮುಂದೆ ಕೂತರೆ ನನ್ನ ಲಾಗಿನ್ ಸತ್ತುಹೋಗಿತ್ತು. ಅದು ಯಾರ ತಪ್ಪೂ ಅಲ್ಲ, ನಿಯಮ ಹಾಗಿದೆ. ಇನ್ನೊಬ್ಬರಿಗೆ ಬಾಗಿಲು ತೆರೆದುಕೊಡುವುದನ್ನೇ ಮೂರು ದಶಕ ಉದ್ಯೋಗ ಮಾಡಿಕೊಂಡಿದ್ದವನು ಅದೇ ಬಾಗಿಲಿನ ಹೊರಗೆ ನಿಂತು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮನೆ ಸಾಗರದಲ್ಲಿ. ನಿವೃತ್ತನಾದ ಮೇಲೂ ‘ಸಾರ್, ಇದೊಂದು ಎಲ್ಲಾದರೂ ಸಿಗುತ್ತದೆಯೇ ನೋಡಿ’ ಎಂದು ಬರುವ ಫೋನುಗಳು ನಿಂತಿಲ್ಲ. ಅಂಥ ಎರಡು ಫೋನುಗಳ ಕಥೆ ಹೇಳಿಬಿಡುತ್ತೇನೆ. ಸರ್ಕಾರದ ದುಡ್ಡಿನಲ್ಲಿ ಆದ ಸಂಶೋಧನೆಯನ್ನು ಎಲ್ಲರೂ ಓದುವಂತೆ ತೆರೆದಿಡಿ ಎಂಬ ನನ್ನ ಅಹವಾಲು ಅದರೊಳಗೇ ಇದೆ.

ಮೊದಲನೆಯವರು ಸೊರಬದ ಕಡೆಯ ಹೈಸ್ಕೂಲ್ ಮೇಷ್ಟ್ರು. ಅವರ ಊರಿನ ಕೆರೆ ಏರಿಯ ಪಕ್ಕ ಅರ್ಧ ಹೂತುಹೋದ ವೀರಗಲ್ಲೊಂದಿತ್ತು. ಬೇಸಿಗೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಮಣ್ಣು ಬಿಡಿಸಿ, ನೀರು ಹೊಯ್ದು ತೊಳೆದು, ಸಂಜೆಯ ಬಿಸಿಲು ಓರೆಯಾಗಿ ಬೀಳುವ ತನಕ ಕಾದು ಫೋಟೊ ತೆಗೆದಿದ್ದರು. ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲಿನ ಮುಂದೆ ಬಿಲ್ಲು ಹಿಡಿದ ವೀರ, ನಡುವಿನ ಪಟ್ಟಿಯಲ್ಲಿ ಅವನನ್ನು ತೋಳು ಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಮತ್ತು ಅರ್ಚಕ. ಪಟ್ಟಿಗಳ ನಡುವಿನ ಅಂಚಿನಲ್ಲಿ ಸವೆದ ಅಕ್ಷರಗಳು. ತುರುಗೊಳ್ ಕಾಳಗದ, ಅಂದರೆ ದನಗಳಿಗಾಗಿ ನಡೆದ ಹೋರಾಟದ ಕಲ್ಲು ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಅಕ್ಷರಗಳನ್ನು ಹಿಂದೆ ಯಾರಾದರೂ ಓದಿದ್ದಾರೆಯೇ ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ನಾನು ಶಾಸನತಜ್ಞ ಲೂಯಿ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎಂಟನೆಯ ಸಂಪುಟ ನೋಡಲು ಹೇಳಿದೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿರುವ ಸಂಪುಟ ಅದು. 1904ರಲ್ಲಿ ಅಚ್ಚಾದದ್ದು. ಮೇಷ್ಟ್ರು ಕೆರೆ ಏರಿಯ ಮೇಲೆ ನಿಂತೇ ಮೊಬೈಲಿನಲ್ಲಿ ಅದನ್ನು ಇಳಿಸಿಕೊಂಡರು. ಮನೆಗೆ ಹೋಗಿ ಊರಿನ ಹೆಸರು ಹಿಡಿದು ಹುಡುಕಿದಾಗ ಕಲ್ಲು ಸಿಕ್ಕಿತು, ಪಾಠವೂ ಸಿಕ್ಕಿತು, ಇಂಗ್ಲಿಷ್ ಅನುವಾದವೂ ಸಿಕ್ಕಿತು. ಒಂದು ಕಾಸು ಖರ್ಚಿಲ್ಲ, ಯಾರ ಅನುಮತಿಯೂ ಬೇಕಾಗಲಿಲ್ಲ. ರೈಸ್ ತೀರಿಕೊಂಡದ್ದು 1927ರಲ್ಲಿ. ಲೇಖಕ ಸತ್ತು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ತೀರುತ್ತದೆ, ಹಾಗಾಗಿ ಅದು ಈಗ ಎಲ್ಲರದು.

ಮುಂದೆ ನಡೆದದ್ದು ಬೇರೆ. ಒಂದು ಲೇಖನದ ಅಡಿಟಿಪ್ಪಣಿಯಲ್ಲಿ ಮೇಷ್ಟ್ರಿಗೆ ಇನ್ನೊಂದು ಸುಳಿವು ಸಿಕ್ಕಿತು. ಈ ಭಾಗದ ವೀರಗಲ್ಲುಗಳ ಮೇಲೆ 1990ರ ದಶಕದಲ್ಲಿ ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಆಗಿದೆ, ರೈಸ್ ಕಾಲದವರು ಓದಲಾಗದೆ ಬಿಟ್ಟ ಸಾಲುಗಳನ್ನು ಆ ಸಂಶೋಧಕರು ಕಲ್ಲಿನ ಮುಂದೆ ಕೂತು ಮತ್ತೆ ಓದಿದ್ದಾರೆ. ಸರಿ, ಪ್ರಬಂಧ ನೋಡೋಣ ಎಂದು ಮೇಷ್ಟ್ರು ಒಂದು ದಿನ ಸಾಂದರ್ಭಿಕ ರಜೆ ಹಾಕಿ ಬಸ್ ಹತ್ತಿದರು. ಅಲ್ಲಿ ಹೇಳಿದ್ದು: ಶಾಲಾ ಶಿಕ್ಷಕರಾದರೆ ವಿಭಾಗದ ಮುಖ್ಯಸ್ಥರ ಪತ್ರ ಬೇಕು, ಇಲ್ಲೇ ಕೂತು ಓದಬೇಕು, ಝೆರಾಕ್ಸ್ ಕೊಡುವುದಿಲ್ಲ. ಅಂಗಲಾಚಿ ಪತ್ರ ಪಡೆದು ಬಂದರೆ, ಪ್ರಬಂಧಗಳ ಬೀರುವಿನ ಕೀಲಿ ಇಟ್ಟುಕೊಂಡವರು ಅಂದು ರಜೆ.

ಬ್ರಿಟಿಷರ ಕಾಲದ ಅಧಿಕಾರಿಯೊಬ್ಬ ನೂರಿಪ್ಪತ್ತು ವರ್ಷದ ಹಿಂದೆ ಓದಿದ್ದು ಕೆರೆ ಏರಿಯ ಮೇಲೆ ಸಿಗುತ್ತದೆ. ನಮ್ಮದೇ ಜಿಲ್ಲೆಯ ಸಂಶೋಧಕ, ನಮ್ಮದೇ ತೆರಿಗೆಯ ಫೆಲೋಶಿಪ್ ಪಡೆದು, ನಮ್ಮದೇ ಭಾಷೆಯಲ್ಲಿ ಬರೆದದ್ದು ಸಿಗುವುದಿಲ್ಲ. ಇದಕ್ಕೆ ಯಾವ ಬಹುರಾಷ್ಟ್ರೀಯ ಕಂಪನಿಯನ್ನೂ ದೂರುವಂತಿಲ್ಲ. ಬೀರು ನಮ್ಮದು, ಕೀಲಿಯೂ ನಮ್ಮದು.

ಎರಡನೆಯ ಫೋನು ಒಬ್ಬ ಎಳೆಯ ವೈದ್ಯರದು. ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ. ಅದು ಮಂಗನ ಕಾಯಿಲೆಯ ಕಾಲ. ಕಾಡಿಗೆ ದರಕು (ತರಗೆಲೆ) ತರಲು ಹೋದವರು ಉಣುಗು (ಉಣ್ಣೆ ಹುಳು) ಕಚ್ಚಿಸಿಕೊಂಡು ಬಂದು ಜ್ವರದಲ್ಲಿ ಮಲಗುವ ತಿಂಗಳುಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಈ ವೈರಾಣು, ನಮ್ಮ ಕಾಡಿನ ಹೆಸರನ್ನೇ ಹೊತ್ತು ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಕೂತಿದೆ. ರೈಸ್ ಶಾಸನಗಳನ್ನು ಬರೆದುಕೊಂಡ ಅದೇ ತಾಲ್ಲೂಕು.

ವೈದ್ಯರು ಒಂದಷ್ಟು ಲೇಖನಗಳ ಪಟ್ಟಿ ಕಳಿಸಿದ್ದರು. ಕೆಲವು ಒಂದು ಕ್ಲಿಕ್ಕಿಗೆ ತೆರೆದುಕೊಂಡವು. ಉಳಿದವು ಸಾರಾಂಶ ತೋರಿಸಿ, ಪೂರ್ತಿ ಓದಬೇಕಾದರೆ ಒಂದೊಂದಕ್ಕೆ ಮೂವತ್ತು ನಲವತ್ತು ಡಾಲರ್ ಕೊಡಿ ಎಂದವು. ತೆರೆದುಕೊಂಡವುಗಳಲ್ಲಿ ಒಂದು 2013ರದು, ‘ಪ್ಲಾಸ್’ ಬಳಗದ ಉಷ್ಣವಲಯ ರೋಗಗಳ ಪತ್ರಿಕೆಯಲ್ಲಿ ಬಂದದ್ದು. ನಮ್ಮ ಆರೋಗ್ಯ ಇಲಾಖೆಯವರೂ ಕೂಡಿ ಬರೆದದ್ದು. 2005ರಿಂದ 2010ರವರೆಗಿನ ಲೆಕ್ಕ ಹಿಡಿದು, ಆಗ ಕೊಡುತ್ತಿದ್ದ ಲಸಿಕೆ ಎರಡು ಡೋಸ್ ಪಡೆದವರಲ್ಲಿ ಶೇ 62ರಷ್ಟು, ಮೇಲೆ ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರಷ್ಟು ಪರಿಣಾಮಕಾರಿ ಎಂದು ಅದು ತೋರಿಸಿತ್ತು. ಆ ಲಸಿಕೆ ಈಗ ನಿಂತಿದೆ, ಹೊಸದರ ಕೆಲಸ ನಡೆಯುತ್ತಿದೆ. ಆದರೆ ಹಳೆಯದು ಎಷ್ಟರ ಮಟ್ಟಿಗೆ ಕೈ ಹಿಡಿದಿತ್ತು, ಎಲ್ಲಿ ಕೈ ಕೊಟ್ಟಿತ್ತು ಎಂಬುದನ್ನು ಕಾಡಂಚಿನ ವೈದ್ಯ ತನ್ನ ಮೇಜಿನ ಮೇಲೆ ಓದಬಹುದು. ‘ಸಾರ್, ಇದೊಂದು ಸಿಕ್ಕಿತಲ್ಲ, ಸಾಕು’ ಎಂದರು. ಸಾಕೇನೂ ಅಲ್ಲ. ಸಿಕ್ಕಿದ್ದಕ್ಕೆ ಹಾಗಂದರು ಅಷ್ಟೆ.

ನಿಮ್ಮಲ್ಲಿ ಕೆಲವರು ಈಗಾಗಲೇ ಮನಸ್ಸಿನಲ್ಲಿ ಉತ್ತರ ಕೊಟ್ಟಿರುತ್ತೀರಿ: ‘ಒಂದು ರಾಷ್ಟ್ರ, ಒಂದು ಚಂದಾ’ ಬಂದಿದೆಯಲ್ಲ! ಬಂದಿದೆ, ಮತ್ತು ಒಳ್ಳೆಯದೇ ಆಗಿದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ ಯೋಜನೆ. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ. ಚಂದಾ ಪಟ್ಟಿಯಲ್ಲಿ ಪ್ರತಿ ವರ್ಷ ಎರಡು ಹೆಸರು ಹೊಡೆದುಹಾಕಿ ಒಂದು ಹೆಸರು ಉಳಿಸಿಕೊಳ್ಳುತ್ತಿದ್ದ ನನ್ನಂಥವನಿಗೆ ಆ ಸಂಖ್ಯೆ ಓದಿ ಹೊಟ್ಟೆಕಿಚ್ಚೇ ಆಯಿತು. ತಾಲ್ಲೂಕಿನ ಸರ್ಕಾರಿ ಕಾಲೇಜಿನ ಹುಡುಗಿಗೂ ದೊಡ್ಡ ಪತ್ರಿಕೆಗಳು ಸಿಗುವಂತಾದದ್ದು ಸಣ್ಣ ಮಾತಲ್ಲ.

ಆದರೂ ಚಂದಾ ಎಂದರೆ ಬಾಡಿಗೆ. ಮೊದಲೆಲ್ಲ ಚಂದಾ ನಿಂತರೂ ಬೈಂಡ್ ಮಾಡಿಸಿಟ್ಟ ಹಳೆಯ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಧೂಳು ಹಿಡಿದರೂ ನಮ್ಮವೇ. ಈಗ ಮೂರು ವರ್ಷ ಮುಗಿದ ಮೇಲೆ ಮತ್ತೆ ಚೌಕಾಸಿಗೆ ಕೂರಬೇಕು. ಆರೋಗ್ಯ ಕೇಂದ್ರದ ವೈದ್ಯರು ಈ ಪಟ್ಟಿಯಲ್ಲಿಲ್ಲ, ಹೈಸ್ಕೂಲ್ ಮೇಷ್ಟ್ರು ಇಲ್ಲ, ಖಾಸಗಿ ಕಾಲೇಜಿನವರು ಮೊದಲ ಹಂತದಲ್ಲಿಲ್ಲ. ಎಲೆಚುಕ್ಕಿ ರೋಗಕ್ಕೆ ತೋಟ ಕಳೆದುಕೊಳ್ಳುತ್ತಿರುವ ಅಡಿಕೆ ಬೆಳೆಗಾರ ಇಲ್ಲ. ಅವನಿಗೆ ಓದಲು ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಡೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ತೋಟ ನೋಡಿಕೊಳ್ಳುವವರು ಊರಿಗೊಬ್ಬರಾದರೂ ಸಿಗುತ್ತಾರೆ.

ಅಡಿಕೆಯ ಮಾತು ಬಂತು, ಅದರಲ್ಲೇ ಹೇಳುತ್ತೇನೆ. ಬೆಳೆದು, ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಪುಕ್ಕಟೆ ಹಾಕಿ ಬರುವುದು. ಅದನ್ನು ಆರಿಸಿ ದರ್ಜೆ ಮಾಡುವ ಕೆಲಸವನ್ನೂ ಪಕ್ಕದೂರಿನ ಬೆಳೆಗಾರರೇ ಪುಕ್ಕಟೆ ಮಾಡಿಕೊಡುವುದು. ಆಮೇಲೆ ಸಂಜೆ ಕವಳಕ್ಕೆಂದು ಅದೇ ಮಂಡಿಯಿಂದ ಅದೇ ಅಡಿಕೆಯನ್ನು ದುಡ್ಡು ಕೊಟ್ಟು ತರುವುದು. ಇಂಥ ವ್ಯಾಪಾರ ಮಾಡುವವನಿಗೆ ನಮ್ಮೂರಿನಲ್ಲಿ ಹೆಣ್ಣು ಕೊಡುವುದಿಲ್ಲ. ಸಂಶೋಧನಾ ಪತ್ರಿಕೆಗಳ ಲೋಕ ನಡೆಯುತ್ತಿರುವುದು ಹೀಗೆಯೇ: ಸಂಬಳ ಸರ್ಕಾರದ್ದು, ಪ್ರಯೋಗಾಲಯ ಸರ್ಕಾರದ್ದು, ಬರೆಯುವವರಿಗೂ ಪರಿಶೀಲಿಸುವವರಿಗೂ ಪತ್ರಿಕೆಯಿಂದ ಬಿಡಿಗಾಸಿಲ್ಲ, ಓದುವುದಕ್ಕೆ ಮಾತ್ರ ಬೆಲೆ.

ಇತ್ತೀಚೆಗೆ ವ್ಯಾಪಾರದ ದಿಕ್ಕು ತಿರುಗಿದೆ. ಓದುವವರು ಕೊಡುವುದು ಬೇಡ, ಬರೆಯುವವರು ಕೊಡಲಿ ಎನ್ನುತ್ತಾರೆ. ‘ನೇಚರ್’ ಪತ್ರಿಕೆ 2020ರಲ್ಲಿ ಒಂದು ಲೇಖನವನ್ನು ಮುಕ್ತವಾಗಿ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದುವ ಹಾಗೆ ಪ್ರಕಟಿಸಲು ಗೊತ್ತುಮಾಡಿದ ಶುಲ್ಕ 9,500 ಯೂರೊ. ನಮ್ಮ ಕಿರಿಯ ಸಂಶೋಧನಾ ಫೆಲೋಗೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಲೆಕ್ಕ ಹಾಕಿ: ಹತ್ತಿರ ಹತ್ತಿರ ಎರಡು ವರ್ಷದ ಫೆಲೋಶಿಪ್ ಒಂದೇ ಲೇಖನಕ್ಕೆ. ಇದನ್ನೂ ಓಪನ್ ಆಕ್ಸೆಸ್ ಎಂದೇ ಕರೆಯುತ್ತಾರೆ. ನಾನು ಕೇಳುತ್ತಿರುವುದು ಇದನ್ನಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಿಮ್ಮ ಹಣಕಾಸು ಅಧಿಕಾರಿಗಳು ಆ ಎರಡು ಪದ ಕೇಳಿದೊಡನೆ ಬೆಚ್ಚಿಬೀಳುತ್ತಾರೆ.

ಹಣ ಹೆಚ್ಚು ಬೇಡದ ದಾರಿ ನಮ್ಮ ರಾಜ್ಯದಲ್ಲೇ ಹುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ವಿಜ್ಞಾನಿಗಳ ಲೇಖನಗಳಿಗೆ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದಾದ ಒಂದು ತೆರೆದ ಭಂಡಾರ ಕಟ್ಟಿತು. ದೇಶದಲ್ಲಿ ಅದೇ ಮೊದಲನೆಯದು. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ವರ್ಷಗಳಿಂದ ಪುಕ್ಕಟೆ ಓದಲು ಇಟ್ಟಿದೆ. ಬರೆಯುವವರಿಂದಲೂ ಕಾಸು ಕೇಳುವುದಿಲ್ಲ. 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’ನ ಹಳೆಯ ಸಂಚಿಕೆಗಳನ್ನೂ ಯಾರು ಬೇಕಾದರೂ ಓದಬಹುದು. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸಿಎಫ್‌ಟಿಆರ್‌ಐಗೆ ಭಂಡಾರವಿದೆ, ಮೈಸೂರು ವಿಶ್ವವಿದ್ಯಾಲಯಕ್ಕೂ ಇದೆ. 2014ರಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಮರುಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ವಿಶ್ವವಿದ್ಯಾಲಯಕ್ಕೆ ಅದರಿಂದ ನಷ್ಟವಾಯಿತೆಂದು ನಾನು ಎಲ್ಲೂ ಕೇಳಿಲ್ಲ.

ದೊಡ್ಡ ಪ್ರಕಾಶಕರಲ್ಲಿ ಬಹುಪಾಲು ಜನ ಇದಕ್ಕೆ ಅಡ್ಡಿ ಬರುವುದೂ ಇಲ್ಲ. ಅವರು ಅಚ್ಚುಕಟ್ಟು ಮಾಡಿದ ಅಂತಿಮ ಪ್ರತಿ ಅವರದು. ಪರಿಶೀಲನೆಯಾಗಿ ಒಪ್ಪಿಗೆಯಾದ ಲೇಖಕರ ಹಸ್ತಪ್ರತಿಯನ್ನು ಕೆಲವು ತಿಂಗಳ ನಂತರ ಸಂಸ್ಥೆಯ ಭಂಡಾರದಲ್ಲಿ ಇಡಬಹುದು ಎಂಬ ಮಾತು ಅವರ ನಿಯಮಗಳಲ್ಲೇ ಇರುತ್ತದೆ. 2014ರ ಡಿಸೆಂಬರಿನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹಾಗೂ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಸೇರಿ ಇದನ್ನೇ ನೀತಿಯಾಗಿ ಹೊರಡಿಸಿದವು. ನೀತಿ ಚೆನ್ನಾಗಿತ್ತು. ಪಾಲಿಸದವರನ್ನು ಯಾಕೆ ಎಂದು ಕೇಳುವವರಿರಲಿಲ್ಲ. ನಮ್ಮ ಕಾಲೇಜಿನ ಅಧ್ಯಾಪಕರಿಗೆ ‘ಸಾರ್, ನಿಮ್ಮ ಲೇಖನದ ಪ್ರತಿ ಕೊಡಿ, ಹಾಕಿಬಿಡುತ್ತೇನೆ’ ಎಂದು ನಾನು ಎಷ್ಟು ಸಲ ಕೇಳಿದ್ದೇನೋ. ‘ನೋಡೋಣ’ ಎನ್ನುತ್ತಿದ್ದರು. ನೋಡೋಣ ಎಂದರೆ ನಮ್ಮಲ್ಲಿ ಇಲ್ಲ ಎಂದರ್ಥ.

ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಬರ್ನಾರ್ ರಾಂಟಿಯೇ ಎಂಬ ವೈರಾಣು ವಿಜ್ಞಾನಿ ಈ ‘ನೋಡೋಣ’ಕ್ಕೆ ಮದ್ದು ಕಂಡುಹಿಡಿದರು. 2008ರಲ್ಲಿ ಅವರ ವಿಶ್ವವಿದ್ಯಾಲಯದ ಭಂಡಾರ ಶುರುವಾಯಿತು. ಜೊತೆಗೆ ಒಂದೇ ನಿಯಮ: ಮೌಲ್ಯಮಾಪನದ ಹೊತ್ತಿನಲ್ಲಿ ಭಂಡಾರದಲ್ಲಿ ಇರುವ ಪ್ರಕಟಣೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ದಂಡವಿಲ್ಲ, ಉಪದೇಶವಿಲ್ಲ. ಇಟ್ಟವನ ಲೇಖನ ಲೆಕ್ಕಕ್ಕೆ, ಇಡದವನದು ಇಲ್ಲ. ಭಂಡಾರ ತುಂಬಿತು. ಬಡ್ತಿಯ ಅರ್ಜಿಗೆ ಲೇಖನದ ಝೆರಾಕ್ಸ್ ಮೂರು ಪ್ರತಿ, ದೃಢೀಕರಿಸಿ, ಸ್ಪೈರಲ್ ಬೈಂಡ್ ಮಾಡಿಸಿ ಕೊಡಿ ಎಂದು ನೀವು ಈಗ ಕೇಳುತ್ತೀರಲ್ಲ, ಅದರ ಬದಲು ಭಂಡಾರದ ಕೊಂಡಿ ಕೊಡಿ ಎನ್ನಿ. ನಾನು ಬಲ್ಲ ಅಧ್ಯಾಪಕ ವರ್ಗ ಒಂದೇ ವರ್ಷದಲ್ಲಿ ಬದಲಾಗುತ್ತದೆ. ಬೇಕಾಗಿರುವುದು ಸಿಂಡಿಕೇಟಿನ ಒಂದು ನಿರ್ಣಯ.

ಇನ್ನು ಕನ್ನಡದ ಮಾತು. ನನಗೆ ಹೆಚ್ಚು ಸಂಕಟವಿರುವುದು ಇಲ್ಲಿ. ಆ 13,000 ಪತ್ರಿಕೆಗಳಲ್ಲಿ ನಮ್ಮ ಜಾನಪದ, ಶಾಸನ, ಹಳಗನ್ನಡ, ಸ್ಥಳೀಯ ಇತಿಹಾಸದ ಮೇಲೆ ಕನ್ನಡದಲ್ಲಿ ಬರೆದದ್ದು ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ತಪ್ಪು. ಅದನ್ನು ಯಾವ ವಿದೇಶಿ ಕಂಪನಿಯೂ ಕೊಂಡುಕೊಂಡಿಲ್ಲ. ನಾವು ತೆರೆದರೆ ಉಂಟು, ತೆರೆಯದಿದ್ದರೆ ಇಲ್ಲ.

2009ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ನಂತರ ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಆನ್‌ಲೈನ್ ಭಂಡಾರಕ್ಕೆ ಹಾಕುತ್ತಿದ್ದೀರಿ, ನಿಜ. ಆದರೆ ಒಂದು ಕನ್ನಡ ಪ್ರಬಂಧವನ್ನು ತೆರೆದು ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾಗಿದ್ದರೆ ಕನ್ನಡ ಮಾಯವಾಗಿ, ತಲೆಯ ಮೇಲೆ ಕೊಂಬಿರುವ ರೋಮನ್ ಅಕ್ಷರಗಳು ಸಾಲುಗಟ್ಟುತ್ತವೆ. ‘ನ’ ಬಂದಲ್ಲೆಲ್ಲ ಬ್ರಿಟನ್ನಿನ ಪೌಂಡ್ ಗುರುತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ಕೆಲವಂತೂ ಪುಟಗಳ ಬರಿಯ ಚಿತ್ರ, ಅದೂ ಸೊಟ್ಟಗೆ ಸ್ಕ್ಯಾನ್ ಆದದ್ದು. ‘ವೀರಗಲ್ಲು’ ಎಂದು ಹುಡುಕಿದವನಿಗೆ ಅವು ಯಾವ ಜನ್ಮದಲ್ಲೂ ಸಿಗುವುದಿಲ್ಲ. ಬೀರುವಿನಿಂದ ತೆಗೆದು ಕತ್ತಲ ಕೋಣೆಯಲ್ಲಿಟ್ಟ ಹಾಗೆ. ಪ್ರಬಂಧವನ್ನು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿನಲ್ಲಿ ಕೊಡಬೇಕು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಪುಟದ ಸಾರಾಂಶ ಇರಬೇಕು, ಇಲ್ಲದಿದ್ದರೆ ಮೌಖಿಕ ಪರೀಕ್ಷೆಗೆ ದಿನಾಂಕ ಕೊಡುವುದಿಲ್ಲ ಎಂದು ಮೌಲ್ಯಮಾಪನ ವಿಭಾಗ ಹೇಳಿದರೆ ಮುಗಿಯಿತು. ರಾಜ್ಯದ ಬೆರಳಚ್ಚು ಅಂಗಡಿಗಳೆಲ್ಲ ತಿಂಗಳೊಳಗೆ ಯೂನಿಕೋಡ್ ಕಲಿಯುತ್ತವೆ.

2009ಕ್ಕಿಂತ ಹಿಂದಿನವು ಎಷ್ಟೋ ಇನ್ನೂ ಬೀರುವಿನಲ್ಲೇ ಇವೆ. ಅಂಥವುಗಳ ಬಗ್ಗೆ ಪ್ರಸ್ತಾಪಿಸಿದಾಗ ಹಿರಿಯರೊಬ್ಬರು ನನಗೆ ಹೇಳಿದ್ದು: ‘ತೆರೆದಿಟ್ಟರೆ ಕದ್ದುಬಿಡುತ್ತಾರೆ.’ ನನ್ನ ಅನುಭವ ತಿರುಗುಮುರುಗು. ಹಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಗಾಗಿ ಎರಡು ಬೇರೆ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಎರವಲು ತರಿಸಿದ್ದೆ. ಎರಡೂ ಒಂದೇ ಮೇಜಿನ ಮೇಲೆ ಮೊದಲ ಬಾರಿ ಕೂಡಿದ್ದವು. ಸಂಜೆ ಆ ಹುಡುಗಿ ಬಂದು ಮೆಲ್ಲಗೆ ‘ಸಾರ್, ಮೂರನೆಯ ಅಧ್ಯಾಯ ಎರಡರಲ್ಲೂ ಒಂದೇ’ ಎಂದಳು. ಅಚ್ಚಿನ ತಪ್ಪುಗಳೂ ಒಂದೇ. ನಡುವೆ ಒಂಬತ್ತು ವರ್ಷದ ಅಂತರ, ಇಬ್ಬರಿಗೂ ಡಾಕ್ಟರೇಟ್ ಬಂದಿತ್ತು. ಕಳ್ಳನಿಗೆ ಅನುಕೂಲವಾದದ್ದು ಬೀಗ.

ತೆರೆದದ್ದೆಲ್ಲ ಗಟ್ಟಿಕಾಳು ಎಂದೂ ನಾನು ಹೇಳುವುದಿಲ್ಲ. ದುಡ್ಡು ಕಟ್ಟಿದರೆ ವಾರದೊಳಗೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಹಾವಳಿಯನ್ನು ನಿಮ್ಮಷ್ಟೇ ನಾನೂ ಕಂಡಿದ್ದೇನೆ. ಅದನ್ನು ತಡೆಯಲು ಯುಜಿಸಿ ಮಾಡಿದ ಒಪ್ಪಿತ ಪತ್ರಿಕೆಗಳ ‘ಕೇರ್’ ಪಟ್ಟಿಯೂ 2025ರಲ್ಲಿ ಹೋಯಿತು. ಈಗ ಯಾವುದು ಒಳ್ಳೆಯ ಪತ್ರಿಕೆ ಎಂದು ತೀರ್ಮಾನಿಸುವ ಹೊಣೆ ನಿಮ್ಮ ತಲೆಗೇ ಬಂದಿದೆ. ಆಯ್ಕೆ ಸಮಿತಿಯವರು ಪತ್ರಿಕೆಯ ಹೆಸರು ನೋಡುವುದು ಬಿಟ್ಟು ಲೇಖನವನ್ನೇ ಓದಬೇಕಾಗುತ್ತದೆ. ಓದಬೇಕಾದರೆ ಅದು ಕಣ್ಣ ಮುಂದೆ ಇರಬೇಕು.

ನಿಮ್ಮ ಪುಸ್ತಕ ಪ್ರಕಟಣೆಯ ವಿಭಾಗಗಳಾದ ಪ್ರಸಾರಾಂಗಗಳ ಬಗ್ಗೆ ಎರಡೇ ಮಾತು. ‘ಪ್ರತಿಗಳು ಮುಗಿದಿವೆ, ಮರುಮುದ್ರಣದ ಪ್ರಸ್ತಾವವಿಲ್ಲ’ ಎಂಬ ಉತ್ತರ ಬರುವ ಸಂಶೋಧನಾ ಕೃತಿಗಳಿಂದ ನಿಮಗೆ ಬರುವ ಆದಾಯ ಸೊನ್ನೆ. ಲೇಖಕರು ಅಥವಾ ವಾರಸುದಾರರು ಒಪ್ಪಿದವುಗಳನ್ನು ಸ್ಕ್ಯಾನ್ ಮಾಡಿ ಬಿಟ್ಟುಬಿಡಿ. ಗೋದಾಮಿನಲ್ಲಿರುವುದನ್ನು ನವೆಂಬರಿನ ರಿಯಾಯಿತಿಯಲ್ಲಿ ಮಾರಿಕೊಳ್ಳಿ, ನಾನೂ ಕೊಳ್ಳುತ್ತೇನೆ. ವಿಭಾಗಗಳ ಹಳೆಯ ಸಂಶೋಧನಾ ಪತ್ರಿಕೆಗಳದೂ ಇದೇ ಮಾತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಯ ಮೊದಲ ಸಂಚಿಕೆಯಿಂದ ಹಿಡಿದು ಎಲ್ಲವೂ ಒಂದೇ ಕಡೆ, ಪದ ಹಾಕಿ ಹುಡುಕುವ ಹಾಗೆ ಸಿಕ್ಕರೆ ಹೇಗಿರುತ್ತದೆಂದು ಒಂದು ಕ್ಷಣ ಯೋಚಿಸಿ. ನನಗಂತೂ ಬಾಯಲ್ಲಿ ನೀರೂರುತ್ತದೆ.

ಇದಕ್ಕೆಲ್ಲ ಸಿಬ್ಬಂದಿ ಇಲ್ಲ ಎನ್ನುತ್ತೀರಿ. ಗೊತ್ತು. ಗ್ರಂಥಪಾಲಕರ ಹುದ್ದೆಗಳು ಖಾಲಿ ಬಿದ್ದಿರುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನನ್ನ ಜಾಗಕ್ಕೇ ಇನ್ನೂ ಯಾರೂ ಬಂದಿಲ್ಲ. ಅದಕ್ಕಾಗಿ ಒಂದು ಪ್ರಸ್ತಾವ ಇಟ್ಟು ನಿಲ್ಲಿಸುತ್ತೇನೆ. ನಮ್ಮ ಜಿಲ್ಲೆಯಲ್ಲೇ ನಿವೃತ್ತರಾದ ಗ್ರಂಥಪಾಲಕರು ನನಗೆ ತಿಳಿದಂತೆ ಏಳು ಜನ ಇದ್ದೇವೆ. ಇಬ್ಬರಿಗೆ ಮಂಡಿನೋವು, ಒಬ್ಬರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ, ಉಳಿದವರು ಗಟ್ಟಿಯಾಗಿದ್ದೇವೆ. ಸ್ಕ್ಯಾನರ್ ಬಳಸಲು ಬರುತ್ತದೆ, ವರ್ಗೀಕರಣ ಮರೆತಿಲ್ಲ. ಸಂಭಾವನೆ ಬೇಡ, ಮಧ್ಯಾಹ್ನ ಊಟಕ್ಕೆ ಕ್ಯಾಂಟೀನ್ ಇದ್ದರೆ ಸಾಕು. ಮೊದಲು ವೀರಗಲ್ಲಿನ ಆ ಪ್ರಬಂಧದಿಂದ ಶುರುಮಾಡೋಣ. ಮೇಷ್ಟ್ರು ಇನ್ನೊಂದು ದಿನದ ರಜೆ ಉಳಿಸಿಟ್ಟುಕೊಂಡಿದ್ದಾರೆ. ಬೀರುವಿನ ಕೀಲಿ ಇಟ್ಟುಕೊಂಡವರು ಯಾವ ದಿನ ಕೆಲಸಕ್ಕೆ ಬರುತ್ತಾರೆಂದು ಮೊದಲೇ ತಿಳಿಸಿದರೆ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕ
ಸಾಗರ, ಶಿವಮೊಗ್ಗ ಜಿಲ್ಲೆ